ಮೊದಲು ನೆರಳು, ಆಮೇಲೆ ಕಟ್ಟಡ

ಚಿತ್ರ ಬರೆಯಲು ರಸ್ತೆ ಬದಿಯಲ್ಲಿ ಈಸೆಲ್ (ಹಲಗೆ ಇಡುವ ಕಾಲುಮಣೆ) ನಿಲ್ಲಿಸಿದ ಮೇಲೆ ನಾನು ಮೊದಲು ಬರೆಯುವುದು ಕಟ್ಟಡವನ್ನಲ್ಲ, ಅದರ ನೆರಳನ್ನು.

ಮೊದಮೊದಲು ಕಿಟಕಿ, ಬಾಲ್ಕನಿ, ತಂತಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸಿ ಆಮೇಲೆ ನೆರಳಿಗೆ ಕೈ ಹಾಕುತ್ತಿದ್ದೆ. ಅಷ್ಟರಲ್ಲಿ ಅದು ಗೋಡೆ ಬಿಟ್ಟು ರಸ್ತೆಗೆ ಇಳಿದಿರುತ್ತಿತ್ತು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆ ನಿಂತರೆ 30 ಡಿಗ್ರಿ! ಚಿತ್ರದ ಎಡಗಡೆ ಎಂಟು ಗಂಟೆಯ ಬೆಳಕು, ಬಲಗಡೆ ಹತ್ತರದ್ದು. ನೋಡಿದವರಿಗೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ, ಅಲ್ವಾ?

ಈಗ ಮೊದಲ ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡುತ್ತೇನೆ. ವಿವರವೆಲ್ಲ ಮಸುಕಾಗಿ, ಬೆಳಕಿನ ಮತ್ತು ಕತ್ತಲಿನ ಮೂರ್ನಾಲ್ಕು ತುಂಡುಗಳಷ್ಟೇ ಉಳಿಯುತ್ತವೆ. ತೆಳು ಕಂದು ಬಣ್ಣದಲ್ಲಿ ನೆರಳನ್ನೆಲ್ಲ ತುಂಬಿ ಅಂಚು ಗಟ್ಟಿ ಮಾಡಿಬಿಡುತ್ತೇನೆ. ಆಮೇಲೆ ಅದು ಎಲ್ಲಿಗೆ ಸರಿದರೂ ಬೆನ್ನು ಹತ್ತುವುದಿಲ್ಲ. ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ 1892-93ರಲ್ಲಿ ಫ್ರಾನ್ಸಿನ ರೂಆನ್ ಕೆಥೆಡ್ರಲ್ (ದೊಡ್ಡ ಚರ್ಚು) ಬರೆಯುವಾಗ ಎದುರಿನ ಕೋಣೆಯಲ್ಲಿ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದಂತೆ ಕ್ಯಾನ್ವಾಸನ್ನೇ ಬದಲಿಸುತ್ತಿದ್ದ. ಫುಟ್‌ಪಾತಿನಲ್ಲಿ ಅಷ್ಟು ಹರಡಿಕೊಳ್ಳಲು ಆಗುವುದಿಲ್ಲ. ನನ್ನದು ಒಂದೇ ಹಲಗೆ, 8x10 ಇಂಚು.

ಇನ್ನೊಂದು ಪೆಟ್ಟು ಬಿದ್ದದ್ದು ಬಿಸಿಲಿನಿಂದ. ಹಲಗೆಯ ಮೇಲೇ ಬಿಸಿಲು ಬೀಳುತ್ತಿತ್ತು, ನಾನು ಗಮನಿಸಲಿಲ್ಲ. ಅಲ್ಲಿ ಫಳಫಳ ಹೊಳೆಯುತ್ತಿದ್ದ ಗೋಡೆ ಮನೆಯೊಳಗೆ ತಂದಾಗ ಮಸಿ ಬಳಿದಂತೆ ಕಂಡಿತು. ಬಿಸಿಲಲ್ಲಿ ಬಣ್ಣ ಇರುವುದಕ್ಕಿಂತ ತಿಳಿಯಾಗಿ ಕಾಣುವುದರಿಂದ ಗೊತ್ತಿಲ್ಲದೆಯೇ ಗಾಢವಾಗಿ ಬೆರೆಸಿಬಿಡುತ್ತೇವೆ. ಹಲಗೆ, ಬಣ್ಣ ಬೆರೆಸುವ ಪ್ಯಾಲೆಟ್ ಎರಡೂ ನೆರಳಲ್ಲೇ ಇರಲಿ. ಕೆಂಪು ಕೊಡೆ ಮಾತ್ರ ಬೇಡ, ಅದರ ಕೆಂಪು ಹಲಗೆಗೂ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಬೂದು ಬಣ್ಣ ಬೆರೆಸುವುದು. ಟ್ಯೂಬಿನ ಕಪ್ಪನ್ನು ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು, ಜೊತೆಗೆ ಬಿಳಿ. ನೀಲಿ ಒಂಚೂರು ಜಾಸ್ತಿಯಾದರೆ ನೆರಳಿನ ಡಾಂಬರು, ಸಿಯೆನ್ನಾ ಜಾಸ್ತಿಯಾದರೆ ಬಿಸಿಲಿಗೆ ಕಾದ ಸಿಮೆಂಟು. ನೆರಳಲ್ಲಿರುವ ಡಾಂಬರನ್ನು ಒಮ್ಮೆ ಸುಮ್ನೆ ದಿಟ್ಟಿಸಿ ನೋಡಿ. ಆಕಾಶದ ನೀಲಿ ಅದರಲ್ಲಿರುತ್ತದೆ. ಪಕ್ಕದ ಹಳದಿ ಗೋಡೆಗೆ ಬಿಸಿಲು ಬಿದ್ದಿದ್ದರೆ, ಅಂಚಿನಲ್ಲಿ ಆ ಹಳದಿಯೂ ಒಂದಿಷ್ಟು ಬೆರೆತಿರುತ್ತದೆ.

ನಿಂತ ವಾಹನ ಚಿತ್ರಕ್ಕೆ ಬೇಕಿದ್ದರೆ ಬೇಗ ಗುರುತು ಹಾಕಿಕೊಳ್ಳಿ, ಯಾವಾಗ ಬೇಕಾದರೂ ಹೊರಟುಬಿಡಬಹುದು. ಜನರನ್ನು ನಾನು ಕೊನೆಗೆ ಬರೆಯುತ್ತೇನೆ. ಸಮತಟ್ಟಾದ ರಸ್ತೆಯಲ್ಲಿ ನಿಂತು ನೋಡಿದರೆ ಹತ್ತಿರದವರ ತಲೆ, ದೂರದವರ ತಲೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತದೆ, ಕಾಲು ಮಾತ್ರ ಮೇಲೆ ಕೆಳಗೆ. ಒಬ್ಬರಿಗೆ ಎರಡು ಮೂರು ಬ್ರಷ್ ಏಟು ಸಾಕು. ಅವರ ಕಾಲಬುಡದ ನೆರಳನ್ನು ಮಾತ್ರ ಎದುರಿಗೆ ಕಂಡಂತೆ ಬರೆಯುವುದಿಲ್ಲ, ಮೊದಲ ಹತ್ತು ನಿಮಿಷದಲ್ಲಿ ಗಟ್ಟಿ ಮಾಡಿದ ದಿಕ್ಕಿನಲ್ಲೇ ಎಳೆಯುತ್ತೇನೆ.