ಹಳೇ ಕೊಟ್ಟಿಗೆ ಬಿಚ್ಚುವುದು ಹೇಗೆ?

ಹಳೇ ಕೊಟ್ಟಿಗೆ ತೆಗೆಯಬೇಕು ಅಂದ ಕೂಡಲೇ ಬಹಳಷ್ಟು ಜನ ಹುಡುಕುವುದು ಟ್ರ್ಯಾಕ್ಟರ್ ಮತ್ತು ಹಗ್ಗ. ಕಂಬಕ್ಕೆ ಬಿಗಿದು ಎಳೆದುಬಿಟ್ಟರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು ಎಂಬ ಲೆಕ್ಕ. ಆದರೆ ಅದು ಎಳೆದ ಕಡೆಗೇ ಬೀಳುತ್ತದೆ ಎಂಬ ಖಾತ್ರಿಯಿಲ್ಲ. ಬಿದ್ದರೂ ಒಳ್ಳೇ ತೊಲೆಗಳೆಲ್ಲ ಸೀಳಿರುತ್ತವೆ, ಮೊಳೆ ತುಂಬಿದ ರಾಶಿ ಬಿಡಿಸುತ್ತಾ ವಾರ ಕಳೆಯುತ್ತದೆ. ಹಗ್ಗವೇ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಕಟ್ಟಿದ ಕ್ರಮಕ್ಕೆ ಉಲ್ಟಾ ಬಿಚ್ಚಿಕೊಂಡು ಬನ್ನಿ.

ಪರವಾನಗಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಕರೆಂಟಿನ ವಿಷಯದಲ್ಲಿ ಫ್ಯೂಸ್ ಕಿತ್ತರೆ ಸಾಲದು, ಲೈನನ್ನೇ ಕಂಬದಿಂದ ಬಿಡಿಸಬೇಕು. ಒಳಗಿನ ಬೂಸ್ಟು ಹಿಡಿದ ಹುಲ್ಲು, ಬಾವಲಿ ಹಿಕ್ಕೆ ಇವನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿ ಎತ್ತಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಆಮೇಲೆ ಸೂರು. ಹಳೇ ಸಿಮೆಂಟ್ ಶೀಟಾದರೆ ಅದರಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇದೆ ಎಂದೇ ತಿಳಿದುಕೊಳ್ಳಿ. ಒಡೆಯಬೇಡಿ, ಕೊರೆಯಬೇಡಿ, ಮೇಲಿಂದ ಎಸೆಯಲೂ ಬೇಡಿ. ಅದರ ಎಳೆ ಎದೆಗೆ ಹೋದರೆ ಕಾಯಿಲೆ ತೋರಿಸಿಕೊಳ್ಳುವುದು ದಶಕಗಳ ನಂತರ. ಇದನ್ನು ಮಾತ್ರ ಗೊತ್ತಿದ್ದವರ ಕೈಗೇ ಬಿಡಿ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮಾಡುವ ಕೆಲಸವಲ್ಲ. ಹೆಂಚಾದರೆ ಈ ಇಳಿಜಾರಿನಿಂದ ಒಂದು ಸಾಲು, ಆ ಇಳಿಜಾರಿನಿಂದ ಒಂದು ಸಾಲು ತೆಗೆಯುತ್ತಾ ಹೋಗಿ. ಒಂದೇ ಕಡೆ ಪೂರ್ತಿ ಖಾಲಿ ಮಾಡಿದರೆ ಭಾರವೆಲ್ಲ ಇನ್ನೊಂದು ಕಡೆಗೆ ವಾಲುತ್ತದೆ. ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಕೀಳುವುದು ಸುಲಭದ ಕೆಲಸ.

ಎಲ್ಲರೂ ಎಡವುವುದು ಅಡ್ಡತೊಲೆಯ ಹತ್ತಿರ. ಎರಡು ಗೋಡೆಗಳ ನಡುವೆ ಹಾಯ್ದಿರುವ ಈ ತೊಲೆ ಸುಮ್ಮನೆ ಮಲಗಿದಂತೆ ಕಾಣುತ್ತದೆ, ಓಡಾಡುವವರ ತಲೆಗೂ ತಾಗುತ್ತದೆ. ಹಾಗಾಗಿ ಮೊದಲು ಅದಕ್ಕೇ ಗರಗಸ ಇಡುತ್ತಾರೆ. ನಿಜಕ್ಕೂ ಅದು ಗೋಡೆಗಳನ್ನು ಹಿಡಿದ ಕಟ್ಟು. ಪಕಾಸುಗಳು, ಅಂದರೆ ಸೂರು ಹೊತ್ತ ಓರೆ ಮರಗಳು, ಭಾರವನ್ನು ಕೆಳಕ್ಕಷ್ಟೇ ಅಲ್ಲ, ಹೊರಕ್ಕೂ ಒತ್ತುತ್ತಿರುತ್ತವೆ. ತೊಲೆ ಹೋದರೆ ಆ ಒತ್ತಡ ತಡೆಯುವವರಿಲ್ಲ. ಹೀಗೆ ಕೊಯ್ದ ಒಂದು ಕೊಟ್ಟಿಗೆಯನ್ನು ನಾನು ನೋಡಿದ್ದೇನೆ: ಗೋಡೆಯ ನೆತ್ತಿಯಲ್ಲಿ ಎರಡು ಬೆರಳು ತೂರುವಷ್ಟು ಬಿರುಕು, ಒಳಗಿದ್ದವರು ಏಣಿ ಬಿಟ್ಟು ಓಡಿದರು.

ಆದ್ದರಿಂದ ಮೊದಲು ಗೋಡೆಗೆ ಹೊರಗಿನಿಂದ ಓರೆಯಾಗಿ ಆಸರೆ ಕೊಡಿ. ಪಕಾಸುಗಳನ್ನು ಎದುರುಬದುರು ಜೋಡಿಯಾಗಿ, ಒಂದು ತುದಿಯಿಂದ ಇಳಿಸುತ್ತಾ ಬನ್ನಿ. ಮೂಲೆಗಳಲ್ಲಿ ಓರೆಯಾಗಿ ಹೊಡೆದ ಪಟ್ಟಿಗಳನ್ನು ಕೊನೆಯವರೆಗೂ ಮುಟ್ಟಬೇಡಿ. ಮೇಲಿನದೆಲ್ಲ ಇಳಿದ ಮೇಲೆ ತೊಲೆಯ ಸರದಿ. ಗೋಡೆಯೊಳಗೆ ಹೂತ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಬೆಣ್ಣೆಯಂತೆ ಇಳಿದರೆ ಅದು ಕೊಳೆತಿದೆ, ಕೆಳಗೆ ಆನಿಕೆ ಕೊಡದೆ ಅಲುಗಾಡಿಸಬೇಡಿ. ಎರಡೂ ತುದಿಗೆ ಹಗ್ಗ ಕಟ್ಟಿ ಒಟ್ಟಿಗೇ ಇಳಿಸಿ. ತೊಲೆಯ ಅಡಿಯಲ್ಲಿ ಯಾರೂ ನಿಲ್ಲಕೂಡದು, ‘ಒಂದು ನಿಮಿಷ’ ಅನ್ನುವವರೂ.

ಮರಗಳು ಒಂದಕ್ಕೊಂದು ಕೂಡುವ ಕಚ್ಚಿಗೆ ಮರದ ಆಣಿ ಹೊಡೆದಿದ್ದರೆ ಸಣ್ಣ ತುದಿಯ ಕಡೆಯಿಂದ ಬಡಿಯಿರಿ. ದಪ್ಪ ತುದಿಗೆ ಎಷ್ಟು ಬಡಿದರೂ ಇನ್ನಷ್ಟು ಬಿಗಿಯಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಬೋಲ್ಟಿಗೆ ಸರಿ, ಮರದೊಳಗೆ ಕಚ್ಚಿದ ಮೊಳೆಗೆ ದಂಡ. ತೆಳು ತಗಡಿನ ಅಗ್ಗದ ಮೊಳೆಕೀಳುಗ ಎರಡನೇ ದಿನಕ್ಕೇ ಬಾಗುತ್ತದೆ. ನನ್ನ ಮಟ್ಟಿಗೆ ಉದ್ದದ ಹಾರೆಯೇ ಸೈ. ಚೈನ್‌ಸಾ ಹಳೇ ಮರದ ಹತ್ತಿರವೂ ಬರಬಾರದು: ಒಳಗೆ ಅಡಗಿದ ಒಂದು ಮೊಳೆ ಸಾಕು, ಹಲ್ಲು ಹಾರಿಹೋಗಲು.

ಗೋಡೆಯನ್ನು ಮೇಲಿನಿಂದ ವರಸೆ ವರಸೆಯಾಗಿ ಇಳಿಸಿ. ಕಂಬ ಕಿತ್ತ ಗುಂಡಿಗೆ 15 ಸೆಂಟಿಮೀಟರಿನಷ್ಟು ಮಣ್ಣು ಹಾಕಿ ದಮ್ಮಸ್ಸು ಮಾಡಿ, ಮತ್ತೆ ಹಾಕಿ. ಬಣ್ಣ ಬಳಿದ ಮರವನ್ನು ಸುಡಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು.

ಕೊನೆಗೆ ಮೊಳೆ. ಹಗ್ಗಕ್ಕೆ ದೊಡ್ಡ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆಯಿರಿ. ಹುಲ್ಲಿನ ಜೊತೆ ಮೊಳೆ ನುಂಗಿದ ದನಕ್ಕೆ ಅದು ಹೊಟ್ಟೆ ಚುಚ್ಚಿಕೊಂಡು ಎದೆಯವರೆಗೂ ಹೋಗಬಲ್ಲದು. ಒಂದು ಮಳೆ ಬಿದ್ದು ಮಣ್ಣು ತೊಳೆದ ಮೇಲೆ ಮತ್ತೊಮ್ಮೆ ಎಳೆಯಿರಿ. ಆಗ ಇನ್ನೊಂದು ಹಿಡಿ ಸಿಗುತ್ತದೆ.