ಫ್ಲೈ ಕಟ್ಟುವಾಗ ಗಾಳದ ಮೊನೆ ಮೇಲಿರಲಿ

ಬೆಂಗಳೂರಿನ ಸುತ್ತ ಜೊಂಡು, ಕಳೆ ಜಾಸ್ತಿ ಇರುವ ಕೆರೆಗಳಲ್ಲಿ ಫ್ಲೈ (ಗಾಳಕ್ಕೆ ಕೂದಲು, ದಾರ ಕಟ್ಟಿ ಮಾಡುವ ಹುಸಿ ಎರೆ) ಹಾಕಿ ಮೀನು ಹಿಡಿಯುವವರು ಕ್ಲೌಸರ್ ಮಿನೋ ಥರದ್ದು, ಅಂದರೆ ಸಣ್ಣ ಮೀನಿನ ಹಾಗೆ ಕಾಣುವ ಫ್ಲೈ, ಕಟ್ಟಿ ನೋಡಿ. ಡಂಬೆಲ್ ಕಣ್ಣು (ಡಂಬೆಲ್ ಆಕಾರದ ಭಾರದ ಲೋಹದ ಕಣ್ಣು) ಗಾಳದ ಕಡ್ಡಿಯ ಬೆನ್ನ ಮೇಲೆ, ಅಂದರೆ ಮೊನೆಗೆ ಎದುರು ಬದಿಯಲ್ಲಿ ಇರಬೇಕು. ಆ ಭಾರಕ್ಕೆ ಫ್ಲೈ ನೀರಲ್ಲಿ ಮಗುಚಿ ಮೊನೆ ಮೇಲಾಗುತ್ತದೆ. ತಳದ ಕಸಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ. ಮನೆಯಲ್ಲೇ ಬಕೆಟ್ ನೀರಲ್ಲಿ ಎಳೆದು ನೋಡಿ, ಗೊತ್ತಾಗುತ್ತದೆ.

ಮೀನು ಕಚ್ಚಿದ ತಕ್ಷಣ ರಾಡ್ (ಗಾಳದ ಕೋಲು) ಎತ್ತುವ ಚಾಳಿ ಬಿಡಿ. (ಕಷ್ಟ, ಕೈ ಕೇಳಲ್ಲ!) ರಾಡ್ ಬಾಗಿ ಎಳೆತವನ್ನೆಲ್ಲ ನುಂಗಿಬಿಡುತ್ತದೆ. ತುದಿಯನ್ನು ಮೀನಿನ ಕಡೆಗೇ ತಗ್ಗಿಸಿಟ್ಟು, ಇನ್ನೊಂದು ಕೈಯಲ್ಲಿ ಲೈನ್ ಜಗ್ಗಿ. ತಪ್ಪಿದರೂ ಫ್ಲೈ ನೀರಲ್ಲೇ ಇರುತ್ತದೆ, ಅದೇ ಮೀನು ಮತ್ತೆ ಬರಬಹುದು.

ಮೊನೆ ಉಗುರಿನ ಮೇಲೆ ಜಾರಿದರೆ ಮೊಂಡಾಗಿದೆ ಅಂತ ಅರ್ಥ. ಸಣ್ಣ ಅರದಲ್ಲಿ ಉಜ್ಜಿ.