ಶೇಂಗಾ ಹಿಂಡಿಯ ಪ್ರೋಟೀನ್ ಮೈಗೆ ಹತ್ತುತ್ತದೆಯೇ? ಅಳೆಯುವ ಬಗೆ

ಚಳ್ಳಕೆರೆಯ ಗಿರಣಿಗಳಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯಲ್ಲಿ ಅರ್ಧಕ್ಕೆ ಹತ್ತಿರ ಪ್ರೋಟೀನ್ ಇದೆ. ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದರೆ ಈ ಲೆಕ್ಕ ಸಿಗುತ್ತದೆ. ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂಬುದನ್ನು ಬೆಳೆಯುವ ಜೀವವೇ ತೋರಿಸಬೇಕು. ಅಮೆರಿಕದ ವಿಜ್ಞಾನಿಗಳಾದ ಆಸ್‌ಬಾರ್ನ್ ಮತ್ತು ಮೆಂಡೆಲ್ 1919ರಲ್ಲಿ ರೂಪಿಸಿದ ವಿಧಾನದ ತಿರುಳು ಇಷ್ಟೇ: ತಿಂದ ಒಂದು ಗ್ರಾಂ ಪ್ರೋಟೀನಿಗೆ ಇಲಿಮರಿ ಎಷ್ಟು ಗ್ರಾಂ ಬೆಳೆಯಿತು?

ಮೊದಲು ಬೀಜ ಆರಿಸಿ. ಈ ಹಂತವನ್ನು ಹಗುರವಾಗಿ ಕಾಣಬೇಡಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಆಗ ಮರಿ ಸೊರಗುವುದು ವಿಷದಿಂದ, ನಾವು ದೂರುವುದು ಪ್ರೋಟೀನನ್ನು.

ಬಳಿಕ ಮೇವು ಕಲಸಿ. ಹಿಂಡಿಯಲ್ಲಿ ಪ್ರೋಟೀನ್ ಶೇ 50 ಇದ್ದರೆ, 100 ಗ್ರಾಂ ಮೇವಿಗೆ 20 ಗ್ರಾಂ ಹಿಂಡಿ ಸಾಕು. ಒಟ್ಟು ಪ್ರೋಟೀನ್ ಶೇ 10 ಆಗುತ್ತದೆ. ಉಳಿದದ್ದು ಪಿಷ್ಟ, ಎಣ್ಣೆ, ಖನಿಜ, ವಿಟಮಿನ್. ಹೋಲಿಕೆಯ ಗುಂಪಿಗೆ ಹಿಂಡಿಯ ಬದಲು ಹಾಲಿನ ಪ್ರೋಟೀನಾದ ಕೇಸಿನ್, ಬೇರೇನೂ ವ್ಯತ್ಯಾಸವಾಗಬಾರದು. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದ ಪ್ರಯೋಗಾಲಯದಲ್ಲಿ ಮಾತ್ರ ಈ ಕೆಲಸ ನಡೆಯಬೇಕು.

ಆಗಷ್ಟೇ ತಾಯಿಹಾಲು ಬಿಟ್ಟ ಗಂಡು ಮರಿಗಳನ್ನು, ಗುಂಪಿಗೆ ಹತ್ತರಂತೆ, 28 ದಿನ ಸಾಕಬೇಕು. ಮರಿಗೊಂದು ಪಂಜರ. ಚೆಲ್ಲಿದ ಮೇವನ್ನೂ ಗುಡಿಸಿ ತೂಗಿ ಕಳೆಯದಿದ್ದರೆ ಲೆಕ್ಕವೆಲ್ಲ ಹುಸಿ.

ಉದಾಹರಣೆಗೆ, ಮರಿಯೊಂದು 300 ಗ್ರಾಂ ಮೇವು ತಿಂದು 60 ಗ್ರಾಂ ಬೆಳೆಯಿತು ಎನ್ನೋಣ. ಹೊಟ್ಟೆಗೆ ಹೋದ ಪ್ರೋಟೀನ್ 30 ಗ್ರಾಂ; ಅನುಪಾತ 2. ಅಷ್ಟೇ ಕೇಸಿನ್ ಮೇವು ತಿಂದ ಮರಿ 90 ಗ್ರಾಂ ಬೆಳೆದರೆ ಅದರದು 3. ಕೇಸಿನ್‌ಗೆ ಒಪ್ಪಿತ ಮೌಲ್ಯ 2.5 ಆದ್ದರಿಂದ ಹಿಂಡಿಯ ಅಂಕಿಯನ್ನು 2.5ರಿಂದ ಗುಣಿಸಿ 3ರಿಂದ ಭಾಗಿಸಬೇಕು: 1.67.

ಈ ಅಳತೆಯಲ್ಲಿ ಒಂದು ಅನ್ಯಾಯವಿದೆ. ಬೆಳೆಯದೆ ಇದ್ದಷ್ಟೇ ಇರಲಿಕ್ಕೂ ದೇಹಕ್ಕೆ ಪ್ರೋಟೀನ್ ಬೇಕು; ಅದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಹಿಡಿಯಬೇಕಾದರೆ ಮಲಮೂತ್ರದ ಸಾರಜನಕವನ್ನು ಅಳೆದು, ಪ್ರೋಟೀನ್ ತಿನ್ನದಿದ್ದಾಗಲೂ ಹೊರಹೋಗುವಷ್ಟನ್ನು ಅದರಿಂದ ಕಳೆಯಬೇಕು. ಹೀರಿಕೊಂಡದ್ದರಲ್ಲಿ ದೇಹ ಉಳಿಸಿಕೊಂಡ ಶೇಕಡಾ ಪಾಲೇ ಜೈವಿಕ ಮೌಲ್ಯ.

ಶೇಂಗಾ ಹಿಂದೆ ಬೀಳುವುದು ಮುಖ್ಯವಾಗಿ ಪ್ರೋಟೀನಿನ ಒಂದು ಘಟಕವಾದ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆಯಿಂದ. ಕಡಲೆಯಲ್ಲಿ ಅದು ಹೆಚ್ಚಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ರೂಪಿಸಿದ ವಿವಿಧೋದ್ದೇಶ ಆಹಾರದಲ್ಲಿ ಶೇಂಗಾ ಹಿಟ್ಟು 75 ಪಾಲು, ಹುರಿಗಡಲೆ ಹಿಟ್ಟು 25 ಪಾಲು. ಚಳ್ಳಕೆರೆಯ ಹಿಂಡಿಗೂ ಹುರಿಗಡಲೆ ಬೆರೆಸಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಒಟ್ಟು ಪ್ರೋಟೀನ್ ಮಾತ್ರ ಶೇ 10 ದಾಟಬಾರದು.